ಬೆನ್ನೆಲುಬು ಕುಸಿದಾಗ ಬೆಲ್ಟೋ, ಸಿಮೆಂಟೋ, ಬಲೂನೋ?

ಅವ್ವನ ಬೆನ್ನೆಲುಬಿಗೆ ಸಿಮೆಂಟ್ ತುಂಬಿಸಬಹುದು ಅಂತ ಡಾಕ್ಟರು ಹೇಳಿದಾಗ ನಮ್ಮ ಕಾಕಾ ಕೇಳಿದ್ದು ಒಂದೇ ಮಾತು: "ಯಾವ ಸಿಮೆಂಟ್ರೀ ಸಾಹೇಬ್ರ?" ಕಾಕಾ ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. ವಾಡಿ, ಸೇಡಂ, ಚಿತ್ತಾಪುರದವರಿಗೆ ಸಿಮೆಂಟ್ ಅಂದರೆ ಸುಣ್ಣದ ಕಲ್ಲು, ಧೂಳು, ಲಾರಿ ಸಾಲು. ಡಾಕ್ಟರು ನಕ್ಕರು. ಆಮೇಲೆ ಹೇಳಿದರು, ಇದು ಆ ಸಿಮೆಂಟ್ ಅಲ್ಲ, ಒಂದು ಥರದ ಪ್ಲಾಸ್ಟಿಕ್. ಒಂದು ಪುಡಿ, ಒಂದು ದ್ರವ, ಎರಡನ್ನೂ ಕಲೆಸಿದರೆ ಟೂತ್‌ಪೇಸ್ಟ್ ಹಾಗೆ ಆಗುತ್ತದೆ, ಸ್ವಲ್ಪ ಹೊತ್ತಿಗೆ ಬಿಸಿಯಾಗಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಮೊಣಕಾಲು ಕೀಲು ಬದಲಿಸುವಾಗ ಅಂಟಿಸಲು ಬಳಸುವುದೂ ಇದನ್ನೇ. "ಬಿಸಿ ಆಗ್ತದಂದ್ರ ನಮ್ಮ ಸಿಮೆಂಟಿನ ಬೀಗರೇ ಬಿಡ್ರಿ" ಅಂದರು ಕಾಕಾ.

ನಾನು ಡಾಕ್ಟರ್ ಅಲ್ಲ. ಕಲಬುರಗಿಯಲ್ಲಿ ಅವ್ವನ ಫೈಲು, ಬೀದರಿನಲ್ಲಿ ಸೋದರತ್ತೆಯ ಫೈಲು ಹಿಡಿದು ಓಡಾಡಿದವನು, ಅಷ್ಟೇ. ಅವ್ವನಿಗೆ ಸಿಮೆಂಟ್ ಹಾಕಿಸಲಿಲ್ಲ, ಅತ್ತೆಗೆ ಹಾಕಿಸಿದೆವು. ಎರಡರಲ್ಲೂ ಒಂದೊಂದು ತಪ್ಪು ಮಾಡಿದೆವು. ನಿಮ್ಮ ಕೈಯಲ್ಲೂ ಈಗ "ಡಿ12 ವೆಡ್ಜ್ ಕಂಪ್ರೆಶನ್ ಫ್ರಾಕ್ಚರ್" ಅಂತ, ಅಂದರೆ ಬೆನ್ನಿನ ಒಂದು ಎಲುಬು ಮುಂಭಾಗದಲ್ಲಿ ಕುಸಿದಿದೆ ಅಂತ, ಬರೆದ ರಿಪೋರ್ಟ್ ಇರಬಹುದು. ವರ್ಟಿಬ್ರೋಪ್ಲಾಸ್ಟಿ (ಬರೀ ಸಿಮೆಂಟ್) ಒಳ್ಳೆಯದೋ ಕೈಫೋಪ್ಲಾಸ್ಟಿ (ಮೊದಲು ಬಲೂನ್, ಆಮೇಲೆ ಸಿಮೆಂಟ್) ಒಳ್ಳೆಯದೋ ಅಂತ ಮೊಬೈಲ್‌ನಲ್ಲಿ ಹುಡುಕುತ್ತಾ ಕೂತಿರಬಹುದು. ಸ್ವಲ್ಪ ತಡೆಯಿರಿ. ಅದು ಮೂರನೇ ಪ್ರಶ್ನೆ. ಮೊದಲ ಎರಡು ಬೇರೆ ಇವೆ: ಎಲುಬು ಮುರಿದು ಎಷ್ಟು ದಿನ ಆಯಿತು? ಯಾಕೆ ಮುರಿಯಿತು?

ಎಷ್ಟು ದಿನ ಆಯಿತು

ಅವ್ವನಿಗೆ 69. ಶಹಾಪುರದಲ್ಲಿ ಮದುವೆ ಮುಗಿಸಿ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕೂತು ಬರುತ್ತಿದ್ದಳು. ಜೇವರ್ಗಿ ದಾಟಿ ಭೀಮಾ ಸೇತುವೆ ಹತ್ತಿರ ಬರುವಾಗ ಒಂದು ಉಬ್ಬು. ಸೀಟಿನಿಂದ ಒಂದು ಗೇಣು ಮೇಲೆ ಹೋಗಿ ಕೆಳಗೆ ಬಿದ್ದಳು, ಸೀಟಿನ ಮೇಲೇ. "ಟೊಂಕದಾಗ ಏನೋ ಟಕ್ ಅಂತಪ್ಪಾ" ಅಂದಳು ಮನೆಗೆ ಬಂದು. ಕೆಳಗೆ ಬಿದ್ದಿಲ್ಲ, ಪೆಟ್ಟಾಗಿಲ್ಲ, ಹಾಗಾಗಿ ನಾವು ಯಾರೂ ಮುರಿತ ಅಂದುಕೊಳ್ಳಲಿಲ್ಲ. ಎಲುಬು ಸವೆದವರಿಗೆ (ಆಸ್ಟಿಯೋಪೊರೋಸಿಸ್ ಅನ್ನುತ್ತಾರೆ) ಇಷ್ಟೇ ಸಾಕು. ಬಗ್ಗಿ ನೀರಿನ ಕೊಡ ಎತ್ತಿದರೂ ಸಾಕು, ಜೋರಾಗಿ ಕೆಮ್ಮಿದರೂ ಸಾಕು.

ಒಂದು ಕಡೆ ಎಕ್ಸ್‌ರೇ ತೆಗೆಸಿದೆವು. ಏನೂ ಇಲ್ಲ, ವಾಯು ಹಿಡಿದಿದೆ ಅಂದರು. ಒಂದು ಸೂಜಿ, ಒಂದು ಜೆಲ್. ಹನ್ನೆರಡು ದಿನ ಆ ಜೆಲ್ ತಿಕ್ಕಿದೆವು. ಆಮೇಲೆ ಗೊತ್ತಾಗಿದ್ದು ಏನೆಂದರೆ, ಅವ್ವ ಟೊಂಕ ತೋರಿಸಿದ್ದಕ್ಕೆ ಟೊಂಕದ ಎಕ್ಸ್‌ರೇ ಮಾತ್ರ ತೆಗೆದಿದ್ದರು, ಮುರಿದದ್ದು ಅದಕ್ಕಿಂತ ಮೇಲಿನ ಡಿ12, ಅದು ಫಿಲ್ಮಿನ ಮೇಲಿನ ಅಂಚಿನಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು. ಈ ಮುರಿತ ಹೆಚ್ಚಾಗಿ ಆಗುವುದೇ ಎದೆಗೂಡು ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ, ಡಿ12 ಮತ್ತು ಅದರ ಕೆಳಗಿನ ಎಲ್1ರಲ್ಲಿ. ನೋವು ಮಾತ್ರ ಕೆಳಗೆ ಟೊಂಕದಲ್ಲಿ ಕಾಣಿಸಿಕೊಳ್ಳಬಹುದು. ಇದು ಗೊತ್ತಿದ್ದರೆ ಎಕ್ಸ್‌ರೇ ರೂಮಿನಲ್ಲೇ "ಸ್ವಲ್ಪ ಮೇಲಿನಿಂದ ತೆಗೀರಿ" ಅಂತ ಕೇಳಬಹುದಿತ್ತು.

ಸುಮ್ನೆ ಟೊಂಕ ನೋವಿಗೂ ಇದಕ್ಕೂ ವ್ಯತ್ಯಾಸ ಮನೆಯಲ್ಲೇ ಸ್ವಲ್ಪ ತಿಳಿಯುತ್ತದೆ. ಮಲಗಿದರೆ ಆರಾಮ, ಮಗ್ಗುಲು ಬದಲಿಸುವಾಗ ಮತ್ತು ಏಳುವಾಗ ಜೀವ ಹೋಗುವಷ್ಟು ನೋವು. ಬೆನ್ನಿನ ನಡುಗೆರೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಒಂದೇ ಜಾಗದಲ್ಲಿ "ಅಯ್ಯೋ" ಅನ್ನುತ್ತಾರೆ. ಹಾಗಿದ್ದರೆ ತಿಕ್ಕಿಸುವುದು, ತುಳಿಸುವುದು ಬೇಡವೇ ಬೇಡ.

ಎಕ್ಸ್‌ರೇ ಎಲುಬು ಕುಸಿದಿದೆ ಅಂತ ಹೇಳಬಹುದು, ಯಾವಾಗ ಕುಸಿಯಿತು ಅಂತ ಹೇಳುವುದು ಕಷ್ಟ. ವಯಸ್ಸಾದವರ ಬೆನ್ನಿನಲ್ಲಿ ಹಳೆಯ ಕುಸಿತ ಒಂದೆರಡು ಮೊದಲೇ ಇರಬಹುದು. ಇಂಥ ಮುರಿತಗಳಲ್ಲಿ ಮೂರರಲ್ಲಿ ಒಂದು ಮಾತ್ರ ಡಾಕ್ಟರ ಗಮನಕ್ಕೆ ಬರುತ್ತದೆ, ಉಳಿದವು ಗೂನಾಗಿ, ಎತ್ತರ ಕಡಿಮೆಯಾಗಿ, "ವಯಸ್ಸಾಯ್ತಲ್ಲ" ಅನ್ನುವ ಮಾತಿನಲ್ಲಿ ಮುಚ್ಚಿಹೋಗುತ್ತವೆ. ಹೊಸದು ಯಾವುದು ಅಂತ ತಿಳಿಯಲು ಎಂಆರ್‌ಐ ಬೇಕು. ಅದರಲ್ಲಿ ಸ್ಟಿರ್ ಅಂತ ಒಂದು ಚಿತ್ರ ಇರುತ್ತದೆ. ಹೊಸ ಮುರಿತ ಅದರಲ್ಲಿ ಬೆಳ್ಳಗೆ ಹೊಳೆಯುತ್ತದೆ, ಹಳೆಯದು ಹೊಳೆಯುವುದಿಲ್ಲ. ಡಾಕ್ಟರಿಗೆ ನೇರವಾಗಿ ಕೇಳಿ, "ಸ್ಟಿರ್‌ನಲ್ಲಿ ಬೆಳ್ಳಗಿದೆಯಾ ಸರ್?" ಬೆಳ್ಳಗಿಲ್ಲದ ಎಲುಬಿಗೆ ಸಿಮೆಂಟ್ ಹಾಕಿಸಿದರೆ ದುಡ್ಡು ಹೋಗುತ್ತದೆ, ನೋವು ಅಲ್ಲೇ ಇರುತ್ತದೆ. ಪೇಸ್‌ಮೇಕರ್ ಇದ್ದು ಎಂಆರ್‌ಐ ಆಗುವುದಿಲ್ಲ ಅಂದರೆ ಸಿಟಿ ಸ್ಕ್ಯಾನ್ ಜೊತೆ ಬೋನ್ ಸ್ಕ್ಯಾನ್ ಮಾಡಿಸುವ ದಾರಿ ಇದೆ.

ಯಾಕೆ ಮುರಿಯಿತು

ಎಲುಬು ಸವೆತ ಅಂತ ಎಲ್ಲರೂ ಸಲೀಸಾಗಿ ಹೇಳಿಬಿಡುತ್ತಾರೆ. ಬಹಳ ಸಲ ಅದೇ ನಿಜ. ಆದರೆ ನಮ್ಮ ಕಡೆ ಟಿಬಿ ಬೆನ್ನೆಲುಬಿಗೂ ಬರುತ್ತದೆ ಅನ್ನುವುದನ್ನು ಮರೆಯಬಾರದು. ಯಾದಗಿರಿ ಕಡೆಯ ನಮ್ಮ ಪರಿಚಯದವರೊಬ್ಬರಿಗೆ ಸಿಮೆಂಟ್ ಹಾಕಲು ದಿನವೇ ಗೊತ್ತಾಗಿತ್ತು. ಸಂಜೆ ಜ್ವರ, ತೂಕ ಇಳಿದದ್ದು ಯಾರಿಗೂ ಹೇಳಿರಲಿಲ್ಲ. ಬೇರೊಬ್ಬ ಡಾಕ್ಟರು ಎಂಆರ್‌ಐ ಫಿಲ್ಮ್ ನೋಡಿ, ಎರಡು ಎಲುಬಿನ ನಡುವಿನ ಡಿಸ್ಕ್ ಕೂಡ ಕೆಟ್ಟಿದೆಯಲ್ಲ ಅಂತ ತಡೆದರು. ಟಿಬಿಯೇ ಆಗಿತ್ತು. ಸೋಂಕು ಇರುವ ಎಲುಬಿಗೆ ಸಿಮೆಂಟ್ ಹಾಕಬಾರದು, ಇದರಲ್ಲಿ ಎರಡು ಮಾತಿಲ್ಲ. ಕುರಿ, ಮೇಕೆ, ಎಮ್ಮೆ ಇರುವ ಮನೆಯವರು, ಹಸಿ ಹಾಲು ಕುಡಿಯುವ ರೂಢಿ ಇದ್ದವರು ಅದನ್ನೂ ಹೇಳಿ. ಬ್ರುಸೆಲ್ಲಾ ಅನ್ನುವ ರೋಗಾಣು ಹಾಗೇ ಬರುತ್ತದೆ, ಬೆನ್ನೆಲುಬನ್ನೂ ಹಿಡಿಯುತ್ತದೆ.

ಇನ್ನೊಂದು ಅನುಮಾನ ಕ್ಯಾನ್ಸರ್. ಮೈಲೋಮ ಅಂತ ಒಂದಿದೆ, ಎಲುಬಿನ ಮಜ್ಜೆಯದು. ರಕ್ತ ಕಡಿಮೆ ಇದೆ, ರಕ್ತ ಪರೀಕ್ಷೆಯಲ್ಲಿ ಇಎಸ್‌ಆರ್ ಜಾಸ್ತಿ ಇದೆ, ಕಿಡ್ನಿಯೂ ಸರಿ ಇಲ್ಲ ಅಂದರೆ ಡಾಕ್ಟರು ಆ ಕಡೆ ನೋಡುತ್ತಾರೆ. ಸಿಮೆಂಟ್ ಹಾಕಿಸುವುದು ಅಂತ ಆದರೆ, ಅದೇ ಸೂಜಿಯಿಂದ ಎಲುಬಿನ ಚೂರು ತೆಗೆದು ಬಯಾಪ್ಸಿಗೆ ಕಳಿಸಲು ಆಗುತ್ತದೆ. ಕಾರಣದ ಬಗ್ಗೆ ಸ್ವಲ್ಪ ಅನುಮಾನ ಇದ್ದರೂ ಕೇಳಿ ಮಾಡಿಸಿ.

ಮತ್ತೆ, ಕೀಲು ನೋವಿಗೆ, ದಮ್ಮಿಗೆ ಹಳ್ಳಿಯಲ್ಲಿ ಯಾರೋ ಕೊಡುವ ಹೆಸರಿಲ್ಲದ ಗುಳಿಗೆ, ಪುಡಿ. ತಿಂದ ದಿನವೇ ಆರಾಮ ಅನ್ನಿಸುವ ಇಂಥವುಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಇರುತ್ತದೆ. ವರ್ಷಗಟ್ಟಲೆ ತಿಂದರೆ ಎಲುಬು ಗೆದ್ದಲು ಹಿಡಿದ ತೊಲೆ. ಬೈಸಿಕೊಂಡರೂ ಪರವಾಗಿಲ್ಲ, ಡಾಕ್ಟರ ಮುಂದೆ ಆ ಪೊಟ್ಟಣ ಇಡಿ.

ಈಗ ಬೆಲ್ಟು

ಹೊಸ ಮುರಿತ, ಕಾರಣ ಸವೆತವೇ, ಕಾಲಿನಲ್ಲಿ ಶಕ್ತಿ ಸರಿ ಇದೆ ಅಂತ ಇಟ್ಟುಕೊಳ್ಳೋಣ. ಬಹಳ ಜನಕ್ಕೆ ಇದು ಆರರಿಂದ ಹನ್ನೆರಡು ವಾರದಲ್ಲಿ ತಾನೇ ಕೂಡಿಕೊಳ್ಳುತ್ತದೆ. ಹಾಗಾಗಿ ಮೊದಲ ಆಯ್ಕೆ ಏನೂ ಚುಚ್ಚದೆ ಇರುವುದು. ಆದರೆ ಇದನ್ನು "ಸುಮ್ನೆ ಮಲಗಿರಿ" ಅಂತ ತಿಳಿಯಬೇಡಿ. ವಯಸ್ಸಾದವರು ಮೂರು ವಾರ ಹಾಸಿಗೆಯಲ್ಲೇ ಇದ್ದರೆ ಎಲುಬು ಇನ್ನಷ್ಟು ಸವೆಯುತ್ತದೆ, ತೊಡೆಯ ಮಾಂಸ ಕರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕೂತು ನ್ಯುಮೋನಿಯಾ ಆಗುತ್ತದೆ. ಮುರಿದ ಎಲುಬಿನಿಂದ ಸಾಯದವರು ಹಾಸಿಗೆಯಿಂದ ಸಾಯುತ್ತಾರೆ. ಒಂದೆರಡು ದಿನ ಮಲಗಲಿ, ಆಮೇಲೆ ಹಿಡಿದು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸೊಂಟದ ಎಲಾಸ್ಟಿಕ್ ಬೆಲ್ಟು ಡಿ12ಗೆ ಏನೂ ಪ್ರಯೋಜನ ಇಲ್ಲ, ಅದು ಅಲ್ಲಿ ತನಕ ಮುಟ್ಟುವುದೇ ಇಲ್ಲ. ಹೆಗಲಿಗೆ ಪಟ್ಟಿ ಬರುವ ಟೇಲರ್ ಬ್ರೇಸ್, ಅಥವಾ ಎದೆಯ ಮೇಲೆ ಒತ್ತುವ ಆಶ್ ಬ್ರೇಸ್ ಬರೆದುಕೊಡುತ್ತಾರೆ. ಬ್ರೇಸ್‌ನಿಂದ ಎಲುಬು ಬೇಗ ಕೂಡುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ, ನೋವು ತಡೆದು ಎದ್ದು ಓಡಾಡಲು ಧೈರ್ಯ ಕೊಡುತ್ತದೆ, ಅದಕ್ಕೆ ಹಾಕುವುದು. ನಮ್ಮ ಅವ್ವನಿಗೆ ಏಪ್ರಿಲ್-ಮೇ ತಿಂಗಳಲ್ಲಿ ಹಾಕಬೇಕಾಯಿತು. ಕಲಬುರಗಿ ಬಿಸಿಲು, ಒಳಗೆ ಬೆವರು, ಎರಡೇ ದಿನಕ್ಕೆ ಮೈ ಎಲ್ಲ ಕೆಂಪು. ಅಪ್ಪನ ಹಳೇ ಹತ್ತಿ ಬನಿಯನ್ ಒಳಗೆ ಹಾಕಿಸಿದ ಮೇಲೆ ಸರಿ ಹೋಯಿತು.

ನೋವಿನ ಗುಳಿಗೆ ವಿಷಯ. ಬಿಪಿ, ಶುಗರ್ ಇರುವವರಿಗೆ ಡೈಕ್ಲೋಫೆನಾಕ್ ಥರದ್ದನ್ನು ದಿನಾ ಕೊಟ್ಟರೆ ಕಿಡ್ನಿಗೆ ಪೆಟ್ಟು. ಪ್ಯಾರಾಸಿಟಮಾಲ್ ಅನ್ನು ನೋವು ಬಂದಾಗ ಅಲ್ಲ, ಡಾಕ್ಟರು ಹೇಳಿದ ಹಾಗೆ ಗಂಟೆಗೆ ಸರಿಯಾಗಿ ಕೊಡಬೇಕು. ಟ್ರಮಡಾಲ್ ಕೊಟ್ಟರೆ ತಲೆ ಸುತ್ತು ಮತ್ತು ಮಲಬದ್ಧತೆ. ಮುಕ್ಕಿದರೆ ಬೆನ್ನು ಇನ್ನೂ ನೋಯುತ್ತದೆ, ಅದಕ್ಕೆ ಇಸಬಗೋಲ್ ಮೊದಲೇ ಶುರು ಮಾಡಿ. ಕೆಲವರಿಗೆ ಮೊದಲ ವಾರಗಳಲ್ಲಿ ಕ್ಯಾಲ್ಸಿಟೋನಿನ್ ಅಂತ ಮೂಗಿನ ಸ್ಪ್ರೇ ಕೊಡುತ್ತಾರೆ, ಹೊಸ ಮುರಿತದ ನೋವಿಗೆ ಅದು ಸ್ವಲ್ಪ ಸಹಾಯ ಮಾಡುತ್ತದೆ.

ಅವ್ವನಿಗೆ ನಾಲ್ಕನೇ ವಾರಕ್ಕೆ ತಾನೇ ಎದ್ದು ಬಚ್ಚಲಿಗೆ ಹೋಗುವಷ್ಟಾಯಿತು. ಡಾಕ್ಟರೇ ಸಿಮೆಂಟ್ ಮಾತು ಬಿಟ್ಟರು. ನೋವು ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ, ಅದು ಎಷ್ಟೇ ನಿಧಾನ ಇದ್ದರೂ, ನಾನಾದರೆ ಕಾಯುತ್ತೇನೆ.

ಸಿಮೆಂಟು, ಬಲೂನು

ಎರಡು ಮೂರು ವಾರ ಸರಿಯಾದ ಔಷಧ ಕೊಟ್ಟರೂ ರೋಗಿ ಎದ್ದು ಕೂರಲು ಆಗುತ್ತಿಲ್ಲ, ನಿದ್ದೆ ಇಲ್ಲ, ಊಟ ಬಿಟ್ಟಿದ್ದಾರೆ, ಎಂಆರ್‌ಐ ಬೆಳ್ಳಗಿದೆ. ಆಗ ಈ ಮಾತು.

ವರ್ಟಿಬ್ರೋಪ್ಲಾಸ್ಟಿ ಹಳೆಯದು. 1984ರಲ್ಲಿ ಫ್ರಾನ್ಸಿನಲ್ಲಿ ಮೊದಲು ಮಾಡಿದರು, ಅದೂ ಕುತ್ತಿಗೆಯ ಎಲುಬಿಗೆ. ರೋಗಿಯನ್ನು ಬೋರಲು ಮಲಗಿಸುತ್ತಾರೆ. ಹೆಚ್ಚಾಗಿ ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಸೂಜಿ, ಜೊತೆಗೆ ಸ್ವಲ್ಪ ಮಂಪರು. ಸಿ-ಆರ್ಮ್ ಅನ್ನುವ ಎಕ್ಸ್‌ರೇ ಯಂತ್ರದ ಪರದೆ ನೋಡುತ್ತಾ ದಪ್ಪ ಸೂಜಿಯನ್ನು ಕುಸಿದ ಎಲುಬಿನ ಒಳಗೆ ಇಳಿಸಿ, ಕೆಲವೇ ಎಂಎಲ್ ಸಿಮೆಂಟ್ ತುಂಬುತ್ತಾರೆ. ಟೀ ಚಮಚದಲ್ಲಿ ಒಂದು ಚಮಚ ಅಂದುಕೊಳ್ಳಿ. ಒಂದು ಎಲುಬಿಗೆ ಅರ್ಧ ಗಂಟೆಯಿಂದ ಒಂದು ಗಂಟೆ. ಹೊಲಿಗೆ ಹಾಕುವಂಥ ಗಾಯ ಇಲ್ಲ. ಅವತ್ತೇ ಅಥವಾ ಮರುದಿನ ಮನೆಗೆ.

ಕೈಫೋಪ್ಲಾಸ್ಟಿ 1998ರಲ್ಲಿ ಶುರುವಾದದ್ದು. ಇಲ್ಲಿ ಸಿಮೆಂಟ್‌ಗಿಂತ ಮೊದಲು ಒಂದು ಸಣ್ಣ ಬಲೂನ್ ಒಳಗೆ ಹೋಗುತ್ತದೆ. ಅದನ್ನು ಊದಿ, ಕುಸಿದದ್ದನ್ನು ಸ್ವಲ್ಪ ಮೇಲೆತ್ತಿ, ಒಳಗೆ ಒಂದು ಗುಳಿ ಮಾಡಿ, ಬಲೂನ್ ತೆಗೆದು ಆ ಗುಳಿಗೆ ಗಟ್ಟಿಯಾದ ಸಿಮೆಂಟ್ ಕಡಿಮೆ ಒತ್ತಡದಲ್ಲಿ ತುಂಬುತ್ತಾರೆ. ಲಾಭ ಎರಡು. ಸಿಮೆಂಟ್ ಪಕ್ಕಕ್ಕೆ ಸೋರುವುದು ಕಡಿಮೆ. ಎಲುಬಿನ ಎತ್ತರ ಸ್ವಲ್ಪ ವಾಪಸ್ ಬರುತ್ತದೆ, ಆದರೆ ಬಲೂನ್ ಇಳಿಸಿದಾಗ ಅದರಲ್ಲೂ ಸ್ವಲ್ಪ ಕುಸಿಯುತ್ತದೆ, ಮುರಿತ ಹಳೆಯದಾದಷ್ಟೂ ಏಳುವುದು ಕಡಿಮೆ. ಗೂನು ಪೂರ್ತಿ ನೆಟ್ಟಗಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಲೂನ್ ಕಿಟ್ ಒಬ್ಬರಿಗೇ ಬಳಸಿ ಬಿಸಾಡುವಂಥದ್ದು, ಹಾಗಾಗಿ ಬಿಲ್ ಜಾಸ್ತಿ. ಬಹಳ ಕಡೆ ಪೂರ್ತಿ ಅರಿವಳಿಕೆಯನ್ನೂ ಕೊಡುತ್ತಾರೆ.

ನೋವಿನ ವಿಷಯಕ್ಕೆ ಬಂದರೆ ಎರಡೂ ಹೆಚ್ಚು ಕಡಿಮೆ ಒಂದೇ. ಅದಕ್ಕೇ ನನ್ನ ಅಭಿಪ್ರಾಯ, ನೋವು ಹೋದರೆ ಸಾಕು ಅನ್ನುವ 75 ದಾಟಿದವರಿಗೆ ಸಾದಾ ವರ್ಟಿಬ್ರೋಪ್ಲಾಸ್ಟಿಯೇ ಸಾಕು. ಮುರಿತ ತೀರಾ ಹೊಸದು, ಮುಂದಕ್ಕೆ ಬಹಳ ಬಾಗಿದೆ, ಅಥವಾ ಸಿಮೆಂಟ್ ಸೋರುವ ಭಯ ಜಾಸ್ತಿ ಇದೆ ಅಂತ ಡಾಕ್ಟರು ಫಿಲ್ಮ್ ಮೇಲೆ ಬೆರಳಿಟ್ಟು ತೋರಿಸಿದರೆ ಬಲೂನಿಗೆ ದುಡ್ಡು ಕೊಡಬಹುದು. ಬೆರಳಿಟ್ಟು ತೋರಿಸಬೇಕು. "ಅದು ಲೇಟೆಸ್ಟ್" ಅನ್ನುವುದು ಕಾರಣ ಅಲ್ಲ.

ಸೋರುವ ಮಾತು ಬಂತಲ್ಲ. ಸ್ವಲ್ಪ ಸೋರುವುದು ಮಾಮೂಲು, ಬಹಳ ಸಲ ರೋಗಿಗೆ ಗೊತ್ತೂ ಆಗುವುದಿಲ್ಲ. ಅಪರೂಪಕ್ಕೆ ನರದ ಕಡೆ ಹೋಗಿ ಕಾಲಿನ ಶಕ್ತಿ ಹೋಗಬಹುದು, ಇಲ್ಲವೇ ರಕ್ತನಾಳದಲ್ಲಿ ಹೋಗಿ ಶ್ವಾಸಕೋಶಕ್ಕೆ ಸೇರಬಹುದು. ಅದಕ್ಕೇ ಪರದೆ ಮೇಲೆ ಕಣ್ಣಿಟ್ಟು ನಿಧಾನಕ್ಕೆ ತುಂಬುವ ಕೈ ಬೇಕು. ಸ್ಪೈನ್ ಸರ್ಜನ್ ಮಾಡಬಹುದು, ನ್ಯೂರೋ ಸರ್ಜನ್ ಮಾಡಬಹುದು, ಇಂಟರ್ವೆನ್ಶನಲ್ ರೇಡಿಯಾಲಜಿಸ್ಟ್ ಕೂಡ ಮಾಡುತ್ತಾರೆ. ಬೋರ್ಡಿಗಿಂತ ಮುಖ್ಯ, ಇಂಥದ್ದನ್ನು ಎಷ್ಟು ಮಾಡಿದ್ದಾರೆ ಅನ್ನುವುದು. ರಕ್ತ ತೆಳುಮಾಡುವ ಗುಳಿಗೆ ತಿನ್ನುತ್ತಿದ್ದರೆ ಮೊದಲೇ ಹೇಳಬೇಕು.

ಒಳಗೆ ಸಣ್ಣ ಲೋಹದ ಜಾಕ್ ಇಟ್ಟು ಎತ್ತುವ ವಿಧಾನವೂ ಬಂದಿದೆ, ಟೈರ್ ಬದಲಿಸುವಾಗ ಕಾರು ಎತ್ತುತ್ತೇವಲ್ಲ, ಹಾಗೆ. ಇನ್ನು ಬೈಕಿನಿಂದ ಬಿದ್ದ, ಮರದಿಂದ ಬಿದ್ದ ಹುಡುಗರ ಮುರಿತದ ಲೆಕ್ಕವೇ ಬೇರೆ, ಅವರಿಗೆ ಸಣ್ಣ ತೂತಿನಿಂದ ಸ್ಕ್ರೂ, ರಾಡು ಹಾಕುವುದಿದೆ. ಮತ್ತೆ ಇದೊಂದು ಮಾತ್ರ ತಡ ಮಾಡಬೇಡಿ: ಕಾಲು ಎತ್ತಲು ಆಗುತ್ತಿಲ್ಲ, ಮೂತ್ರ ಕಟ್ಟಿದೆ, ಕೂರುವ ಜಾಗ ಮರಗಟ್ಟಿದೆ ಅಂದರೆ ಅದು ಬೆಲ್ಟಿನದೂ ಅಲ್ಲ, ಬರೀ ಸಿಮೆಂಟಿನದೂ ಅಲ್ಲ. ಅವತ್ತೇ ದೊಡ್ಡ ಆಸ್ಪತ್ರೆ.

ಹಾಗಾದರೆ ಸಿಮೆಂಟ್ ನಿಜವಾಗಿ ಕೆಲಸ ಮಾಡುತ್ತದಾ

ಇಲ್ಲಿ ಡಾಕ್ಟರುಗಳೇ ಜಗಳ ಆಡುತ್ತಾರೆ. 2009ರಲ್ಲಿ ಎರಡು ಅಧ್ಯಯನ ಒಟ್ಟಿಗೇ ಬಂದವು, ಒಂದರಲ್ಲಿ 78 ಜನ, ಒಂದರಲ್ಲಿ 131. ಅರ್ಧ ಜನಕ್ಕೆ ನಿಜವಾದ ಸಿಮೆಂಟ್, ಅರ್ಧ ಜನಕ್ಕೆ ನಾಟಕ. ನಾಟಕ ಅಂದರೆ ಮಂಪರು, ಚರ್ಮಕ್ಕೆ ಸೂಜಿ ಎಲ್ಲ ನಿಜವೇ, ಸಿಮೆಂಟ್ ಮಾತ್ರ ಇಲ್ಲ. ದೊಡ್ಡ ಅಧ್ಯಯನದಲ್ಲಿ ರೋಗಿಗೆ ಅನುಮಾನ ಬಾರದಿರಲಿ ಅಂತ ಸಿಮೆಂಟಿನ ದ್ರವದ ಡಬ್ಬಿ ತೆರೆದು ರೂಮಿನಲ್ಲಿ ಆ ಘಾಟು ವಾಸನೆಯನ್ನೂ ಬರಿಸಿದ್ದರು! ಫಲಿತಾಂಶ, ಇಬ್ಬರ ನೋವೂ ಒಂದೇ ಥರ ಇಳಿಯಿತು. ಆದರೆ ಅವುಗಳಲ್ಲಿ ಮುರಿದು ತಿಂಗಳುಗಟ್ಟಲೆ ಆದವರೂ ಸೇರಿದ್ದರು. 2016ರಲ್ಲಿ ಆಸ್ಟ್ರೇಲಿಯಾದಲ್ಲಿ ಆರು ವಾರದ ಒಳಗಿನ ಮುರಿತ, ಹತ್ತಕ್ಕೆ ಏಳಕ್ಕಿಂತ ಕಡಿಮೆ ಇಲ್ಲದ ನೋವು ಇರುವ 120 ಜನರನ್ನು ಮಾತ್ರ ತೆಗೆದುಕೊಂಡರು. ಎರಡು ವಾರದ ಹೊತ್ತಿಗೆ ನೋವು ನಾಲ್ಕಕ್ಕಿಂತ ಕೆಳಗೆ ಇಳಿದವರು ಸಿಮೆಂಟ್ ಗುಂಪಿನಲ್ಲಿ ನೂರಕ್ಕೆ 44, ನಾಟಕದ ಗುಂಪಿನಲ್ಲಿ 21. 2018ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹೊಸ ಮುರಿತದ 180 ಜನರ ಮೇಲೆ ನೋಡಿದಾಗ ಮತ್ತೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ನಾನು ಇದರಿಂದ ತೆಗೆದುಕೊಂಡದ್ದು ಇಷ್ಟು. ಎಲ್ಲರಿಗೂ ಸಿಮೆಂಟ್ ಬೇಡ. ಹೊಸ ಮುರಿತ, ಸಹಿಸಲಾಗದ ನೋವು, ಹಾಸಿಗೆ ಹಿಡಿದ ರೋಗಿ, ಇವರಿಗೆ ಲಾಭ ಆಗುವ ಸಾಧ್ಯತೆ ಇದೆ. ಆರು ತಿಂಗಳ ಹಳೇ ಮುರಿತಕ್ಕೆ "ಹಾಕಿಸಿಬಿಡ್ರಿ, ಕೆಲಸ ಖತಂ" ಅನ್ನುವವರ ಮಾತು ಕೇಳಬೇಡಿ.

ಎಲ್ಲಿ, ಹೇಗೆ

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ಮೆಡಿಕಲ್ ಕಾಲೇಜುಗಳು. ಮೊದಲ ಅಭಿಪ್ರಾಯ ಊರಲ್ಲೇ ತೆಗೆದುಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಅಡ್ಮಿಟ್ ಆಗುವ ಮೊದಲೇ ಕೌಂಟರಿನಲ್ಲಿ "ಈ ಚಿಕಿತ್ಸೆ ಪ್ಯಾಕೇಜಿನಲ್ಲಿ ಬರುತ್ತದಾ, ಕಿಟ್ ದುಡ್ಡು ಬೇರೆನಾ" ಅಂತ ಬಾಯಿಬಿಟ್ಟು ಕೇಳಿ. ಖಾಸಗಿ ಆದರೆ ಅಂದಾಜು ಬಿಲ್ ಬರೆಸಿಕೊಳ್ಳಿ, ಒಂದು ಎಲುಬಿಗೆ ಎಷ್ಟು, ಎರಡಕ್ಕೆ ಎಷ್ಟು ಅಂತ ಬೇರೆ ಬೇರೆಯಾಗಿ.

ಸೊಲ್ಲಾಪುರ, ಹೈದರಾಬಾದ್ ಅಂತ ಹೊರಡುವ ಮುಂಚೆ ಎಂಆರ್‌ಐ ಫಿಲ್ಮು ಅಥವಾ ಸಿಡಿ ಕೊಟ್ಟು ಮನೆಯ ಒಬ್ಬರು ಹೋಗಿ ಕೇಳಿಬರಲಿ. ಬರೀ ರಿಪೋರ್ಟ್ ಸಾಲದು. ಅತ್ತೆಯನ್ನು ಬೀದರಿನಿಂದ ಹೈದರಾಬಾದಿಗೆ ಕಾರಿನಲ್ಲಿ ಕೂರಿಸಿಕೊಂಡು ಹೋದೆವು, ಪ್ರತಿ ಸ್ಪೀಡ್ ಬ್ರೇಕರಿಗೆ ಅವರು ನನ್ನ ಕೈ ಹಿಂಡುತ್ತಿದ್ದರು. ರೈಲಿನಲ್ಲಿ ಕೆಳಗಿನ ಬರ್ತ್ ಹಿಡಿದು ಮಲಗಿಸಿಕೊಂಡು ಹೋಗಬೇಕಿತ್ತು.

ಅತ್ತೆಯ ಎರಡನೇ ಮುರಿತ

ಅತ್ತೆಗೆ ಎಲ್1ಗೆ ಸಿಮೆಂಟ್ ಹಾಕಿಸಿದೆವು. ಮರುದಿನ ಬೆಳಿಗ್ಗೆ ತಾವೇ ಎದ್ದು ಕೂತು ಚಹಾ ಕುಡಿದರು. ನಮಗೆಲ್ಲ ಪವಾಡ ನೋಡಿದ ಹಾಗೆ. ಅಲ್ಲಿಗೇ ಮುಗಿಯಿತು ಅಂದುಕೊಂಡದ್ದೇ ತಪ್ಪು. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದ ಎಲುಬಿನ ಔಷಧ ಯಾರೂ ಓದಲಿಲ್ಲ. ಏಳು ತಿಂಗಳಿಗೆ ಎಲ್2 ಕುಸಿಯಿತು. ಒಂದು ಮುರಿತ ಆದ ಐವರಲ್ಲಿ ಒಬ್ಬರಿಗೆ ವರ್ಷದೊಳಗೆ ಇನ್ನೊಂದು ಆಗುತ್ತದಂತೆ. ಸಿಮೆಂಟ್ ಒಂದು ಎಲುಬನ್ನು ಹಿಡಿಯುತ್ತದೆ, ಪಕ್ಕದವು ಸವೆದದ್ದು ಸವೆದೇ ಇರುತ್ತವೆ.

ಹಾಗಾಗಿ ಬೆಲ್ಟೋ ಬಲೂನೋ ಯಾವುದೇ ಆಗಲಿ, ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಅದರಲ್ಲಿ ಬರುವ ಟಿ ಸ್ಕೋರ್ -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಸವೆತ ಅಂತ ಲೆಕ್ಕ. ಸ್ಕೋರ್ ಚೆನ್ನಾಗಿದ್ದರೂ ಸಣ್ಣ ಕುಲುಕಿಗೆ ಎಲುಬು ಮುರಿದಿದೆ ಅಂದರೆ ಔಷಧ ಬೇಕೇ ಬೇಕು. ವಾರಕ್ಕೊಂದು ಅಲೆಂಡ್ರೊನೇಟ್ 70 ಎಂಜಿ ಗುಳಿಗೆ ಅಗ್ಗ, ಆದರೆ ಖಾಲಿ ಹೊಟ್ಟೆಯಲ್ಲಿ ಲೋಟ ತುಂಬ ನೀರಿನ ಜೊತೆ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕು, ಹೊಸ ಮುರಿತದವರಿಗೆ ಅದೇ ಆಗುವುದಿಲ್ಲ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಝೋಲೆಡ್ರೊನಿಕ್ ಆಸಿಡ್ ಇದೆ, ಮೊದಲ ಸಲ ಒಂದೆರಡು ದಿನ ಜ್ವರ ಬರಬಹುದು, ಕಿಡ್ನಿ ನೋಡಿ ಕೊಡುತ್ತಾರೆ. ಆರು ತಿಂಗಳಿಗೊಮ್ಮೆಯ ಡೆನೊಸುಮಾಬ್ ಸೂಜಿ ಶುರು ಮಾಡಿದರೆ ತಪ್ಪಿಸುವ ಹಾಗಿಲ್ಲ, ನಡುವೆ ಬಿಟ್ಟರೆ ಎಲುಬುಗಳು ಸಾಲಾಗಿ ಮುರಿಯಬಹುದು. ಹಲ್ಲು ಕೀಳಿಸುವುದಿದ್ದರೆ ಇವುಗಳಿಗಿಂತ ಮೊದಲೇ ಕೀಳಿಸಿಕೊಳ್ಳಿ.

ವಿಟಮಿನ್ ಡಿ ಬಗ್ಗೆ ನಗು ಬರುತ್ತದೆ. 43 ಡಿಗ್ರಿ ಬಿಸಿಲಿನ ಊರಿನಲ್ಲಿ ಅವ್ವನಿಗೆ ವಿಟಮಿನ್ ಡಿ ಇಲ್ಲ! ಬಿಸಿಲಿಗೆ ಹೆದರಿ ಒಳಗೇ ಇರುತ್ತೇವಲ್ಲ, ಹೊರಗೆ ಬಂದರೆ ತಲೆ ತುಂಬ ಸೆರಗು. 60,000 ಯೂನಿಟ್ಟಿನ ಸ್ಯಾಶೆ ವಾರಕ್ಕೊಂದು, ಅದೂ ಡಾಕ್ಟರು ಹೇಳಿದಷ್ಟು ವಾರ ಮಾತ್ರ. ಪಕ್ಕದ ಮನೆಯವರು ಅದನ್ನು ದಿನಾ ಕುಡಿಸಿ ಯಜಮಾನರಿಗೆ ವಾಂತಿ ಮಾಡಿಸಿದ್ದರು. ಊಟದಲ್ಲಿ, ಜೋಳದ ರೊಟ್ಟಿ ಗಟ್ಟಿ ಅನ್ನುತ್ತೇವೆ, ಕ್ಯಾಲ್ಸಿಯಂ ಲೆಕ್ಕದಲ್ಲಿ ರಾಗಿಯ ಹತ್ತಿರವೂ ಬರುವುದಿಲ್ಲ. ಸಂಕ್ರಾಂತಿಗೆ ಮಾತ್ರ ಮಾಡುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಆ ಎಳ್ಳಿಗಾಗಿಯೇ ವರ್ಷವಿಡೀ ಮಾಡಬಹುದು, ಜೊತೆಗೆ ಮೊಸರು. ರೊಟ್ಟಿ ಬಡಿಯುವುದು ಮಾತ್ರ ನೆಲದ ಮೇಲೆ ಬಾಗಿ ಕೂತು ಬೇಡ, ಕಟ್ಟೆಯ ಮೇಲೆ ನಿಂತು. ಅವ್ವ ಒಂದು ತಿಂಗಳು ಗೊಣಗಿದಳು, ರೊಟ್ಟಿ ದುಂಡಗೆ ಬರುವುದಿಲ್ಲ ಅಂತ.

ಅತ್ತೆಗೆ ಎರಡನೇ ಸಲ ಸಿಮೆಂಟ್ ಹಾಕಿಸಲಿಲ್ಲ. ಟೆರಿಪ್ಯಾರಟೈಡ್ ಅಂತ ದಿನಾ ಚುಚ್ಚಿಕೊಳ್ಳುವ ಪೆನ್ ಶುರು ಮಾಡಿದರು, ಇನ್ಸುಲಿನ್ ಪೆನ್ ಹಾಗೇ ಇರುತ್ತದೆ, ಹೆಚ್ಚೆಂದರೆ ಎರಡು ವರ್ಷ, ಆಮೇಲೆ ಬೇರೆ ಔಷಧಕ್ಕೆ ಬದಲಾಗಬೇಕು. ಈಗ ಹದಿನಾಲ್ಕನೇ ತಿಂಗಳು. ಪೆನ್ ಫ್ರಿಜ್‌ನಲ್ಲಿ ಮೊಸರಿನ ಪಾತ್ರೆಯ ಪಕ್ಕ ಇರುತ್ತದೆ, ಮೇಲಿನ ಐಸ್ ಡಬ್ಬದಲ್ಲಿ ಅಲ್ಲ, ಹೆಪ್ಪುಗಟ್ಟಿದರೆ ಕೆಟ್ಟ ಹಾಗೆ. ಬೇಸಿಗೆಯಲ್ಲಿ ಬಹಳ ಹೊತ್ತು ಕರೆಂಟ್ ಹೋದರೆ ಅತ್ತೆ ಅದನ್ನು ಟವೆಲ್‌ನಲ್ಲಿ ಸುತ್ತಿ, ತಣ್ಣೀರಿನ ಬಾಟಲಿ ಜೊತೆ ಮಗ್ಗುಲ ಮನೆಯ ಇನ್ವರ್ಟರ್ ಇರುವ ಫ್ರಿಜ್‌ಗೆ ಕಳಿಸುತ್ತಾರೆ.